ಬೋಣಿ ರೂಪಾಯಿ

ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವ ಮೇಸ್ತ್ರಿ ಮನ್ಮಥಪ್ಪ ಸತ್ತ. ಯುಗಾದಿ ಕಳೆದ ಮುಂದಿನ ವಾರ, ತಾಂಡೂರು ಸ್ಟೇಷನ್ನಿನ ಎದುರಿನ ಚಹಾದಂಗಡಿಯ ಬಳಿ, ಖಾಕಿ ತೊಟ್ಟ ಕೆಲವರು ಅವನನ್ನು ಹೊಡೆದು ಕೊಂದರು. ಅವನ ಚೀಲದಲ್ಲಿದ್ದ ಹಣವನ್ನು ಅವರು ಮುಟ್ಟಲಿಲ್ಲ. ಹಣದ ಜೊತೆಗಿದ್ದ ಮೊಹರು ಹಾಕಿದ ರಸೀದಿಗಳೂ ಮಡಿಕೆ ಕೆಡದೆ ಹಾಗೇ ಇದ್ದವು. ಒಂದು ರೂಪಾಯಿಗಾಗಿ ಸತ್ತ ಎಂದು ಊರಲ್ಲಿ ಆಡಿಕೊಂಡರು. ಅದು ಸುಳ್ಳಲ್ಲ. ಆದರೆ ಆ ರೂಪಾಯಿ ಎಂಥದ್ದು ಎಂದು ತಿಳಿಯದವರು ಅವನನ್ನು ಜಿಪುಣನೆಂದೋ ಹುಂಬನೆಂದೋ ತಿಳಿದಾರು. ಅವನು ಎರಡೂ ಆಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಮೊಗುಡಂಪಲ್ಲಿಯಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಜಹೀರಾಬಾದಿಗೆ ರೈಲು ಬಂದ ಹೊಸದರಲ್ಲಿ ಅವನು ಅಲ್ಲಿಗೆ ಹೋಗಿ ಮನೆ ಮಾಡಿದ. ಆಮೇಲೆ ನಾನು ಅಲ್ಲಿನ ಶಾಲೆಗೆ ಮಾಸ್ತರನಾಗಿ ಹೋದಾಗ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವನೂ ಅವನೇ. ಮನೆ ನೋಡಲು ಕರೆದುಕೊಂಡು ಹೋದವನು ಗೋಡೆ ನೋಡಲಿಲ್ಲ, ಮಾಡು ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು, ಬೆರಳ ಗಿಣ್ಣಿನಿಂದ ನೆಲದ ಕಲ್ಲುಗಳನ್ನು ತಟ್ಟುತ್ತ, ಕಿವಿ ಓರೆ ಮಾಡಿ ಕೇಳುತ್ತ, ಪಡಸಾಲೆಯಿಂದ ಅಡಿಗೆಮನೆಯ ತನಕ ಸರಿದುಕೊಂಡು ಹೋದ. ಕಲ್ಲಿನ ಕೆಳಗೆ ಗಚ್ಚು ತುಂಬಿದ್ದರೆ ಒಂದು ಸಪ್ಪಳ, ಪೊಳ್ಳಿದ್ದರೆ ಇನ್ನೊಂದು. ಅಡಿಗೆಮನೆಯ ಹೊಸ್ತಿಲ ಹತ್ತಿರ ಒಂದು ಕಲ್ಲು ಪೊಳ್ಳಿತ್ತು. ನನ್ನ ಸಾಮಾನು ಬರುವ ಮೊದಲೇ ಅದನ್ನು ಎಬ್ಬಿಸಿ ಮತ್ತೆ ಕೂಡಿಸಿ ಹೋಗಿದ್ದ.

ಯಾರ ಮನೆಗೆ ಊಟಕ್ಕೆ ಕರೆದರೂ ಹೀಗೇ. ಕೂತ ಜಾಗದಲ್ಲಿ ಎರಡು ಸಲ ತಟ್ಟಿ ಕೇಳದೆ ತಾಟಿಗೆ ಕೈ ಹಾಕುತ್ತಿರಲಿಲ್ಲ. ಅವನ ಹೆಂಡತಿ ಸುಗಲಾಬಾಯಿ ಎಲ್ಲರ ಮುಂದೆ ಅವನನ್ನು ಕಾಡುತ್ತಿದ್ದಳು. "ನನ್ನ ನೋಡಾಕ ಬಂದಾಗ ನಮ್ಮಪ್ಪನ ಪಡಸಾಲಿ ನೋಡಿ ಹೂಂ ಅಂದಾರ. ನನ್ನ ಮಾರಿ ನೋಡ್ಯಾರೋ ಇಲ್ಲೋ ಆ ಶಿವನಿಗೇ ಗೊತ್ತು." ಅವನು ನಗುತ್ತ, ಪಡಸಾಲೆ ಭಾಳ ಚೆನ್ನಾಗಿತ್ತು ಎನ್ನುತ್ತಿದ್ದ.

ಅವನು ಯಾರ ನೌಕರನೂ ಆಗಿರಲಿಲ್ಲ. ಗುತ್ತೆ ಹಿಡಿದು ಕೆಲಸ ಮಾಡುವವನು. ಮನೆಯವರ ಜೊತೆ ನಿಂತು ಅಳತೆ ತೆಗೆಯುವುದು, ತಾಂಡೂರಿನ ಗಣಿಯಿಂದ ಕಲ್ಲು ಎತ್ತಿಸುವುದು, ತನ್ನ ಆಳುಗಳನ್ನು ಕರೆದೊಯ್ದು ಹಾಸಿ ಮೆರುಗು ತಿಕ್ಕಿಸಿ ಮುಂದಿನ ಊರಿಗೆ ಹೊರಡುವುದು. ಹತ್ತಿ ಜಿನ್ನಿನವರೊಬ್ಬರು ತಿಂಗಳ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತೇವೆಂದು ಕರೆದಿದ್ದರು. ದಿನಾ ಒಂದೇ ಗೋದಾಮು ನೋಡುತ್ತ ಮುದುಕನಾಗುವುದು ತನ್ನಿಂದ ಆಗದು ಎಂದು ಬಿಟ್ಟ. ನೌಕರನಿಗೆ ನಿನ್ನ ಹಣ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಗುತ್ತೇದಾರನಿಗೆ ಕೇಳುತ್ತಾರೆ. ಇದು ಅವನಿಗೆ ಬಾಲ್ಯದಿಂದಲೇ ಗೊತ್ತಿತ್ತು.

ಅವನ ಅಪ್ಪ ಕಲ್ಹೇರ್ ಕಡೆಯ ದೊಡ್ಡ ಮನೆತನದ ಒಂದು ವಾಡೆಗೆ ಫರಸಿ ಹಾಸಿದ್ದರು. ಕೂಲಿಯೆಂದು ವಾಡೆಯವರು ಜೋಳದ ಜೊತೆಗೆ ಒಂದು ಬೆಳ್ಳಿಯ ಕಡಗ ಕೊಟ್ಟರು. ಬಾಯಿಮಾತಿನ ವ್ಯವಹಾರ. ಕೊಟ್ಟವರು ತೀರಿಕೊಂಡ ಮೇಲೆ ಮನೆಯೊಳಗೆ ಪಾಲಿನ ಜಗಳ ಎದ್ದು, ಕಡಗ ಕಳವಾಗಿದೆ ಎಂದು ದೂರು ಹೋಯಿತು. ಅಪ್ಪನನ್ನು ಚಾವಡಿಯಲ್ಲಿ ಕೂರಿಸಿದರು. ನಿನ್ನದೇ ಎಂದು ತೋರಿಸು ಎಂದರೆ ತೋರಿಸಲು ಏನಿದೆ? ಬಿಟ್ಟು ಕಳಿಸಿದರು, ಆದರೆ ಕಳ್ಳನೆಂಬ ಮಾತು ಬಿಡಲಿಲ್ಲ. ಮನ್ಮಥಪ್ಪ ಆಗ ಚಿಕ್ಕವನು. ದೊಡ್ಡವನಾದ ಮೇಲೆ ರಸೀದಿ ಇಲ್ಲದೆ ಒಂದು ಆಣೆಯನ್ನೂ ತೆಗೆದುಕೊಳ್ಳಲಿಲ್ಲ. ಸರಕಾರಕ್ಕೆ ಸಲ್ಲುವ ಸುಂಕವನ್ನು ಸಲ್ಲಿಸದೆ ಒಂದು ಬಂಡಿ ಕಲ್ಲನ್ನೂ ಸಾಗಿಸಲಿಲ್ಲ. ಬೇರೆ ಮೇಸ್ತ್ರಿಗಳು ಅವನನ್ನು ಮೊಹರಿನ ಮನ್ಮಥಪ್ಪ ಎಂದು ಚೇಷ್ಟೆ ಮಾಡುತ್ತಿದ್ದರು.

ಆಗ ನಮ್ಮಲ್ಲಿ ಎರಡು ಬಗೆಯ ರೂಪಾಯಿ. ಒಂದು ನಿಜಾಮ ಸರಕಾರದ ಹಾಲಿ ಸಿಕ್ಕಾ. ಇನ್ನೊಂದು ಗಡಿಯಾಚೆಯ ಬ್ರಿಟಿಷ್ ಸೀಮೆಯ ಕಲ್ದಾರ್, ಬೆಲೆಯಲ್ಲಿ ಸ್ವಲ್ಪ ಹೆಚ್ಚಿನದು. ಎರಡೂ ನಮ್ಮ ಸಂತೆಗಳಲ್ಲಿ ಓಡಾಡುತ್ತಿದ್ದವು. ಪೇರಲ ಮಾರುವ ಮುದುಕಿ ಕೂಡ ಒಂದನ್ನು ಇನ್ನೊಂದಕ್ಕೆ ಬದಲಿಸುವ ದರವನ್ನು ಬಾಯಲ್ಲೇ ಹೇಳುತ್ತಿದ್ದಳು. ಆಚೆ ಕಡೆಯಿಂದ ಬ್ರಿಟಿಷರು ಹೋದ ವರ್ಷ ಇದೆಲ್ಲ ಕೆಟ್ಟಿತು. ನಮ್ಮ ರಾಜ್ಯ ಯಾವ ಕಡೆ ಎಂಬ ಮಾತು ತೀರದೆ ಉಳಿದು, ಚಳಿಗಾಲದಲ್ಲಿ ಹುಕುಂ ಬಂತು: ರಾಜ್ಯದೊಳಗೆ ಇನ್ನು ಕಲ್ದಾರಿನಿಂದ ಕೊಡುಕೊಳ್ಳುವಿಕೆ ಕೂಡದು. ಉರ್ದುವಿನಲ್ಲಿದ್ದ ಅದನ್ನು ಮನ್ಮಥಪ್ಪ ನನ್ನಿಂದ ಎರಡು ಸಲ ಓದಿಸಿಕೊಂಡ.

ಕಾಗದದ ಮೇಲಿನ ಹುಕುಮಿಗೆ ಜನ ಅಷ್ಟು ಹೆದರಲಿಲ್ಲ. ಅದನ್ನು ನಡೆಸಲು ತಾವಾಗಿಯೇ ಮುಂದೆ ಬಂದವರಿಗೆ ಹೆದರಿದರು. ಖಾಕಿ ತೊಟ್ಟ ಇವರು ಪೊಲೀಸರಲ್ಲ, ಫೌಜಿನವರೂ ಅಲ್ಲ. ಅವರಲ್ಲಿ ಒಬ್ಬ ಹಿಂದಿನ ವರ್ಷದ ತನಕ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ನನ್ನ ಸೈಕಲ್ಲಿಗೂ ಹಾಕಿದ್ದ. ಈಗ ಸ್ಟೇಷನ್ನಿನಲ್ಲಿ ನಿಂತು ಇಳಿದವರ ಮೈ ತಡವುತ್ತಿದ್ದ. ನನ್ನನ್ನು ಕಂಡರೆ ಕಾಣದವನಂತೆ ಆ ಕಡೆ ನೋಡುತ್ತಿದ್ದ, ಅದು ನನಗೆ ಬೈಗುಳಕ್ಕಿಂತ ಹೆಚ್ಚಿನ ಭಯ ಹುಟ್ಟಿಸುತ್ತಿತ್ತು. ಗಡಿಯಾಚೆ ಹೋಗಿ ಬರುವವರೆಲ್ಲ ಆಚೆಯವರ ಹಣ ತರುತ್ತಾರೆ, ಮಾತು ತರುತ್ತಾರೆ ಎಂಬುದು ಅವರ ಗುಮಾನಿ.

ಮನ್ಮಥಪ್ಪ ಅದೇ ದಸರೆಯಲ್ಲಿ ಸೊಲ್ಲಾಪುರದ ದೊಡ್ಡ ಗುತ್ತೆ ಒಂದನ್ನು ಒಪ್ಪಿಕೊಂಡಿದ್ದ. ಮನೆಯವರು ಶಿವಶಂಕರಪ್ಪನವರು. ಬೀದರ ಕಡೆಯಿಂದ ಹೋಗಿ ಅಲ್ಲಿ ನೆಲೆಸಿ ಹತ್ತಿ, ತೊಗರಿ ವ್ಯಾಪಾರದಲ್ಲಿ ಬೆಳೆದವರು. ಹೊಸ ಮನೆ ಕಟ್ಟಿಸಿದ್ದರು. ಕೆಳಗೆ ಮೇಲೆ ಎಲ್ಲ ತಾಂಡೂರು ಕಲ್ಲೇ ಬೇಕು. ಹುಕುಂ ಬರುವ ಹೊತ್ತಿಗೆ ಗಣಿಯವರು ಅವನ ಮಾತಿನ ಮೇಲೆ ಕಲ್ಲು ಎತ್ತಿಯಾಗಿತ್ತು, ಆಳುಗಳು ಬೇರೆ ಕೆಲಸ ಬಿಟ್ಟು ಬಂದಾಗಿತ್ತು. ಹಿಂದೆ ಸರಿಯುವಂತಿರಲಿಲ್ಲ. ಕೆಲಸ ಅವನಿಗೆ ಕಷ್ಟವಲ್ಲ. ಕೂಲಿಯನ್ನು ಯಾವ ರೂಪದಲ್ಲಿ, ಎಲ್ಲಿ, ಹೇಗೆ ತೆಗೆದುಕೊಂಡರೆ ತಲೆ ಉಳಿಯುತ್ತದೆ ಎಂಬುದೇ ಕಷ್ಟ.

ಶಿವಶಂಕರಪ್ಪನವರಿಗೆ ಅದು ಕಷ್ಟವಾಗಿ ಕಾಣಲಿಲ್ಲ. ಕಲ್ದಾರನ್ನು ಕೈಗೆ ಕೊಡುತ್ತೇನೆ, ರಸೀದಿ ಬೇಡ, ಮಾತಾಡಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಡುತ್ತೇನೆ ಎಂದರು. ಲೆಕ್ಕಕ್ಕೆ ತೋರಿಸದ ಹಣ ಅವರ ಬಳಿ ಇತ್ತು. ಅದು ಮನೆ ಕಟ್ಟುವ ಕಡೆ ಹರಿಯುತ್ತಿತ್ತು. ಗಡಿ ದಾಟಿಸುವ ಭಯವಿದ್ದರೆ ನನ್ನ ತಿಜೋರಿಯಲ್ಲೇ ಇಡು, ದಿನ ಸರಿಹೋದ ಮೇಲೆ ಒಯ್ಯಿ ಎಂದೂ ಹೇಳಿದರಂತೆ. ತಿಜೋರಿ ಓಡಿಹೋಗುವುದಿಲ್ಲ, ಆದರೆ ದಿನ ಸರಿಹೋಗುವುದನ್ನು ಗಣಿಯವರು ಕಾಯುವುದಿಲ್ಲ ಎಂದು ಮನ್ಮಥಪ್ಪ ನನಗೆ ಹೇಳಿದ.

ಕಲ್ದಾರ್ ಕೈಯಲ್ಲಿ ತಂದರೆ ಏನಾಗುತ್ತದೆ ಎಂಬುದು ನಮಗೆ ಕಾಶಪ್ಪನಿಂದ ತಿಳಿದಿತ್ತು. ನಾಗಲಗಿದ್ದದ ಕಾಶಪ್ಪ ಕುರಿ ಸಾಕುವವನು. ಆಚೆಯ ಸಂತೆಯಲ್ಲಿ ಟಗರು ಮಾರಿ, ಬಂದ ಕಲ್ದಾರನ್ನು ಕಂಬಳಿಯ ಅಂಚಿನಲ್ಲಿ ಹೊಲಿದುಕೊಂಡು ಬಂದ. ಗಾಳಿಗೆ ಕಂಬಳಿಯ ಒಂದು ಅಂಚು ಹಾರಲಿಲ್ಲವಂತೆ. ಅಷ್ಟರಿಂದಲೇ ಹಿಡಿದರು. ಕಾಶಪ್ಪ ಜೀವಂತ ಮನೆಗೆ ಬಂದ. ಆದರೆ ಅಂದಿನಿಂದ ಮನುಷ್ಯರ ಜೊತೆ ಮಾತಾಡಿಲ್ಲ. ಕುರಿ ಕರೆಯಲು ಮಾತ್ರ ಬಾಯಿ ತೆರೆಯುತ್ತಾನೆ.

ಇನ್ನುಳಿದದ್ದು ಹುಂಡಿ. ಸೊಲ್ಲಾಪುರದ ಸಾವುಕಾರನಿಗೆ ಹಣ ಕಟ್ಟಿಸಿ, ಅವನ ಚೀಟಿ ತಂದು, ಈಚೆಯ ಸಾವುಕಾರನಿಂದ ಹಾಲಿ ಪಡೆಯುವುದು. ನಾರಾಯಣಖೇಡದ ವೀರಪ್ಪ ಸಾವುಕಾರ ಇಂಥ ಹುಂಡಿಗೆ ಹೆಸರಾದವನು. ಮನ್ಮಥಪ್ಪ ಬಂಡಿ ಹಿಡಿದು ಅಲ್ಲಿಗೆ ಹೋದ. ಅಂಗಡಿಗೆ ದೊಡ್ಡ ಕೀಲಿ ಜಡಿದಿತ್ತು. ಎದುರಿನ ಅಂಗಳ ಗುಡಿಸುತ್ತಿದ್ದ ಎಲ್ಲಮ್ಮ ಎಂಬ ಹೆಂಗಸನ್ನು ಕೇಳಿದ.

"ಸಾವ್ಕಾರ ತೀರ್ಥಕ್ಕ ಹೋಗ್ಯಾನ" ಎಂದಳು ಅವಳು.

"ಯಾವ ತೀರ್ಥ, ಅವ್ವಾ?"

"ತಿಜೋರಿ ಹೊತ್ಕೊಂಡು ಹೋಗೋ ತೀರ್ಥ."

ಇದನ್ನು ಹೇಳುವಾಗ ಮನ್ಮಥಪ್ಪ ನಗುತ್ತಿದ್ದ. ನನಗೂ ನಗು ಬಂತು. ಆ ವಾರ ಜಹೀರಾಬಾದಿನ ಸಂತೆಯಲ್ಲೂ ಸಾಲುಗಳ ನಡುವೆ ಖಾಲಿ ಜಾಗ ಕಾಣುತ್ತಿತ್ತು. ಯಾರು ಬಂದಿಲ್ಲ ಎಂದು ಎಲ್ಲರಿಗೂ ಗೊತ್ತು, ಎಲ್ಲಿಗೆ ಹೋದರು ಎಂದು ಯಾರೂ ಕೇಳುವುದಿಲ್ಲ.

ದಾರಿ ತೋರಿಸಿದವನು ದಸ್ತಗೀರಸಾಬ. ಗಡಿಯ ಕರೋಡಗಿರಿ ನಾಕಾದಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ, ಮುನ್ಷಿ. ಜಹೀರಾಬಾದಿನಲ್ಲಿ ಅವನ ಮನೆ ಮನ್ಮಥಪ್ಪನ ಮನೆಯ ಹಿಂದಿನ ಓಣಿ. ಮಗಳ ಮದುವೆಗೆ ಮೊದಲು ಅವನ ಮನೆಯ ನೆಲವನ್ನು ಮನ್ಮಥಪ್ಪನೇ ಹಾಸಿದ್ದ. ರಜೆಗೆ ಬಂದಾಗ ಅವನು ನನ್ನ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿದ. ತುಸು ಹೊತ್ತು ಎಲೆ ಅಡಿಕೆ ಜಗಿದು, ಶಿವಶಂಕರಪ್ಪನವರಿಗೆ ಈಚೆ ಕಡೆ ಏನಾದರೂ ವ್ಯಾಪಾರವಿದೆಯೇ ಎಂದು ಕೇಳಿದ. ತಾಂಡೂರಿನಲ್ಲಿ ತೊಗರಿ ಖರೀದಿಯ ಅಡತಿ ಅಂಗಡಿ ಇದೆ ಎಂದು ಮನ್ಮಥಪ್ಪ ಹೇಳಿದ.

"ಮತ್ತ ಅಲ್ಲಿಂದ ತಗೋ" ಎಂದ ದಸ್ತಗೀರಸಾಬ. "ಹಾಲಿ ಸಿಕ್ಕಾ ತಗೋ, ಸರಕಾರಿ ಟಿಕೇಟು ಹಚ್ಚಿದ ರಸೀದಿ ತಗೋ. ಕಲ್ಲಿನ ಸುಂಕ ನಾಕಾದಾಗ ಕಟ್ಟು. ನಿನ್ನ ಕಡಿ ಕಲ್ದಾರ್ ಇಲ್ಲ ಅಂತ ಹೋಗುವಾಗ ಬರುವಾಗ ಬರಸಿ ಮೊಹರು ಹಾಕಿಸ್ಕೋ. ಯಾರು ಕೇಳಿದ್ರೂ ಮುಂದ ಒಗಿ."

ಮನ್ಮಥಪ್ಪ ಇದನ್ನು ನೆಲ ನೋಡುತ್ತ ಕೇಳಿದ, ಆಮೇಲೆ ಮುಖ ಎತ್ತಿದ. ಅಷ್ಟು ದಿನಗಳಲ್ಲಿ ಅವನ ಮುಖ ಹಾಗೆ ಬಿಚ್ಚಿದ್ದನ್ನು ನಾನು ನೋಡಿರಲಿಲ್ಲ.

"ನಾ ದಾಟ್ತೀನಿ, ಕೆಲಸ ದಾಟ್ತದ, ರೊಕ್ಕ ಕುಂತಲ್ಲೇ ಕುಂಡರ್ತದ" ಎಂದ.

ಶಿವಶಂಕರಪ್ಪನವರು ಸುಲಭಕ್ಕೆ ಒಪ್ಪಲಿಲ್ಲ. ತಾಂಡೂರಿನ ಅಂಗಡಿಯಿಂದ ಕೊಟ್ಟರೆ ಆ ಅಂಗಡಿಯ ಲೆಕ್ಕದಲ್ಲಿ ತೋರಿಸಬೇಕು. ಲೆಕ್ಕದಲ್ಲಿ ತೋರಿಸಿದರೆ ಆ ಮನೆಗೆ ಎಷ್ಟು ಖರ್ಚಾಯಿತು ಎಂದು ನಾಳೆ ಯಾರಾದರೂ ಕೇಳಿಯಾರು. ಆದಾಯದ ಮೇಲೆ ಹೊಸ ತೆರಿಗೆ ಬರುತ್ತದೆಂಬ ಮಾತೂ ಆ ವರ್ಷ ಎಲ್ಲ ಕಡೆ ಇತ್ತು. ಮನ್ಮಥಪ್ಪ ಅವರಿಗೆ ಹೇಳಿದ್ದು ಇಷ್ಟು: "ಹೆಚ್ಚಿಗಿ ಕೊಡ್ತೀನಿ ಅಂದ್ರಿ. ಕಡಿಮಿ ಕೊಡ್ರಿ, ಮೊಹರು ಹಾಕಿ ಕೊಡ್ರಿ." ಕೊನೆಗೆ ಅವರು ಒಪ್ಪಿದ್ದೂ ಆ ಕಡಿಮೆಗೇ. ನೆಲ ಅರ್ಧ ಮುಗಿದಾಗ ಅರ್ಧ, ಪೂರ್ತಿ ಮುಗಿದಾಗ ಉಳಿದದ್ದು, ಎರಡೂ ತಾಂಡೂರಿನಲ್ಲಿ.

ಹೊಸ ತೆರಿಗೆ ಬಂದರೆ ಕಟ್ಟಲೆಂದು ಅವನು ತನ್ನ ಲಾಭದಲ್ಲಿ ಒಂದು ಪಾಲನ್ನು ಸುಗಲಾಬಾಯಿಯ ಹತ್ತಿರ ಬೇರೆ ಚೀಲದಲ್ಲಿ ಇಡಿಸಲು ತೊಡಗಿದ. ಬಾರದ ತೆರಿಗೆಗೆ ಈಗಲೇ ಯಾಕೆ ಎಂದು ನಾನು ಕೇಳಿದ್ದೆ. ಬಂದ ದಿನ ಹುಡುಕಾಡುವಂತಾಗಬಾರದು ಎಂದ. ಹೀಗೆ ಎಲ್ಲ ಬಾಗಿಲುಗಳನ್ನೂ ಒಂದೊಂದಾಗಿ ನೋಡಿ ಭದ್ರ ಮಾಡಿಕೊಂಡ. ಬಿಟ್ಟುಹೋದದ್ದು ಬೋಣಿ.

ಅಂಗಡಿಯವರಿಗೆ ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಫರಸಿ ಕೆಲಸದವರಲ್ಲಿ ಅದು ಬೇರೆ. ಮೊದಲ ಕಲ್ಲನ್ನು ಈಶಾನ್ಯದ ಮೂಲೆಯಲ್ಲಿ ಕೂಡಿಸಿದ ಮೇಲೆ ಮನೆಯ ಯಜಮಾನ ಅದರ ಮೇಲೆ ಒಂದು ರೂಪಾಯಿ ಇಡುತ್ತಾನೆ. ಮೇಸ್ತ್ರಿ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ತನ್ನ ಉಡದಾರಕ್ಕೆ ಬಟ್ಟೆಯಲ್ಲಿ ಗಂಟು ಹಾಕಿಕೊಳ್ಳುತ್ತಾನೆ. ಕೊನೆಯ ಕೂಲಿ ಕೈಗೆ ಬರುವ ತನಕ ಆ ರೂಪಾಯಿಯನ್ನು ಒಡೆಸಬಾರದು, ಬದಲಿಸಬಾರದು, ಮೈಮೇಲಿಂದ ತೆಗೆಯಬಾರದು. ತೆಗೆದರೆ ಹಾಸಿದ ಕಲ್ಲು ನಿಲ್ಲುವುದಿಲ್ಲ, ಬಿರಿಯುತ್ತದೆ ಅಥವಾ ಏಳುತ್ತದೆ ಎಂದು ಅವರ ನಂಬಿಕೆ. ಕೂಲಿ ಪೂರ್ತಿ ಬಂದ ಮೇಲೆ ಅದನ್ನು ಮನೆಗೆ ತಂದು ಹೆಂಡತಿಯ ಕೈಗೆ ಕೊಟ್ಟು ದೇವರ ಜಗಲಿಯ ಮೇಲೆ ಇಡಿಸಬೇಕು. ಮುಂದಿನ ಸೋಮವಾರ ಮನೆಗೆ ಬರುವ ಜಂಗಮರಿಗೆ ಅದು ಸಲ್ಲುತ್ತದೆ.

ಸೊಲ್ಲಾಪುರದಲ್ಲಿ ಮೊದಲ ಕಲ್ಲು ಕೂಡಿಸಿದ ದಿನ ಶಿವಶಂಕರಪ್ಪನವರು ಜೇಬಿನಿಂದ ತೆಗೆದು ಇಟ್ಟದ್ದು ಕಲ್ದಾರ್. ಅಲ್ಲಿ ಬೇರೆ ಇನ್ನೇನು ಇರುತ್ತದೆ? ಮನ್ಮಥಪ್ಪನ ಆಳುಗಳಲ್ಲಿ ಹಿರಿಯವನಾದ ತಾಂಡೂರಿನ ಬಾಲರಾಜ ಅಲ್ಲೇ ಇದ್ದ. ಹಾಲಿ ಒಂದು ತರಿಸಿ ಇಡಿಸೋಣ ಮೇಸ್ತ್ರಿ ಎಂದು ಕಿವಿಯಲ್ಲಿ ಹೇಳಿದನಂತೆ. ಬೋಣಿಯನ್ನು ಕೇಳಿ ಆರಿಸಿಕೊಳ್ಳುವುದು ಎಲ್ಲಿಯಾದರೂ ಉಂಟೇ ಎಂದು ಮನ್ಮಥಪ್ಪ ಅವನನ್ನೇ ಗದರಿ, ರೂಪಾಯಿಯನ್ನು ಎತ್ತಿಕೊಂಡ.

ಅರ್ಧ ಕೆಲಸ ಮುಗಿದಾಗ ಶಿವರಾತ್ರಿಗೆ ಮನೆಗೆ ಬಂದ. ಬರುವಾಗ ನಾಕಾದಲ್ಲಿ ದಸ್ತಗೀರಸಾಬನೇ ಇದ್ದ. ಚೀಲ ನೋಡಿ, ಕಲ್ದಾರ್ ಏನಾದರೂ ಇದೆಯೇ ಎಂದು ಎಲ್ಲರನ್ನೂ ಕೇಳುವ ಹಾಗೆಯೇ ಅವನನ್ನೂ ಕೇಳಿದ. ಇಲ್ಲ ಎಂದು ಮನ್ಮಥಪ್ಪ ಹೇಳಿದ. ದಸ್ತಗೀರಸಾಬ ಹಾಗೆಂದು ಬರೆದು ಮೊಹರು ಒತ್ತಿ ಕೊಟ್ಟ. ತಾಂಡೂರಿನಲ್ಲಿ ಅರ್ಧ ಕೂಲಿ ಹಾಲಿಯಲ್ಲಿ ಸಿಕ್ಕಿತು. ಎಲ್ಲ ಅಂದುಕೊಂಡಂತೆ ನಡೆಯಿತು.

ಉಪವಾಸ ಬಿಟ್ಟ ಮರುದಿನ ಅವನ ಮನೆಯಲ್ಲಿ ನನಗೂ ಊಟ. ಬಡಿಸುತ್ತಿದ್ದ ಸುಗಲಾಬಾಯಿ ಅವನು ಬಗ್ಗಿದಾಗ ಸೊಂಟದ ಗಂಟನ್ನು ಕಂಡಳು. ಎಂಥ ರೂಪಾಯಿ ಎಂದು ಕೇಳಿದಳು. ಅವನು ಹೇಳಿದ. ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಮಾಸ್ತರ, ನೀವರ ಹ್ಯಾಳ್ರಿ ಇವರಿಗಿ" ಎಂದಳು. "ಅದನ್ನ ಅಲ್ಲೇ ಅವರ ಜಗಲಿ ಮ್ಯಾಲ ಇಟ್ಟು ಬಂದಿದ್ರ ಏನಾಗ್ತಿತ್ತು?"

"ಮೈಮ್ಯಾಲಿಂದ ತಗಿಬಾರದು" ಎಂದ ಅವನು.

"ನಿಮ್ಮ ಕಲ್ಲು ಅಲ್ಲಾಡಬಾರದು. ನಮ್ಮ ಮನಿ ಅಲ್ಲಾಡಿದ್ರ ನಡೀತದ."

ಅವನು ನಕ್ಕು, ಎಡಗೈಯಿಂದ ತಾಟಿನ ಪಕ್ಕದ ನೆಲವನ್ನು ಎರಡು ಸಲ ತಟ್ಟಿದ. ಇದನ್ನೂ ನಾನೇ ಹಾಸಿದ್ದು, ಅಲ್ಲಾಡುವುದಿಲ್ಲ ಎಂದ. ಅವಳು ನಗಲಿಲ್ಲ.

ನಾನು ನನಗೆ ತೋಚಿದ್ದನ್ನು ಹೇಳಿದೆ. ಮುಂದಿನ ಸಲ ನಾಕಾದಲ್ಲಿ ಒಂದು ಕಲ್ದಾರ್ ಇದೆ ಎಂದು ಬರೆಸಿಬಿಡು. ದಸ್ತಗೀರಸಾಬ ನಮ್ಮವನು, ಒಂದೇ ಒಂದಕ್ಕೆ ಯಾರು ಏನು ಮಾಡುತ್ತಾರೆ ಎಂದೆ. ಅವನು ತುತ್ತು ಬಿಟ್ಟು ಯೋಚಿಸಿದ. ಯೋಚಿಸಿ ಹೇಳಿದ ಮಾತು ಇದು:

"ಬರಸಿದ್ರ ಅದು ರೊಕ್ಕ ಆಗ್ತದ, ಮಾಸ್ತರ."

ರಸೀದಿ ಇಲ್ಲದ ಒಂದು ಆಣೆಯನ್ನೂ ಮುಟ್ಟದವನು ಸುಳ್ಳು ಬರೆಸಿದ್ದು ಹೇಗೆ ಎಂದು ಆಮೇಲೆ ಹಲವರು ನನ್ನನ್ನು ಕೇಳಿದರು. ಅವನಿಗೆ ಅದು ಸುಳ್ಳೆಂದು ಹೊಳೆದಿರಲೇ ಇಲ್ಲ. ಕುತ್ತಿಗೆಯ ಲಿಂಗದ ಕರಡಿಗೆ ಬೆಳ್ಳಿಯದು. ಬೆಳ್ಳಿ ಏನಾದರೂ ಇದೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎಂದೇ ಹೇಳುತ್ತಿದ್ದ. ಹಾಗೆಯೇ ಇದು.

ಅವನು ಮತ್ತೆ ಸೊಲ್ಲಾಪುರಕ್ಕೆ ಹೋದ. ಆ ದಿನಗಳಲ್ಲಿ ಊರು ಇನ್ನೂ ಕೆಟ್ಟಿತು. ಸ್ಟೇಷನ್ನಿನ ಮೈದಾನದಲ್ಲಿ ಬೆಳಿಗ್ಗೆ ಕವಾಯತು, ಸಂಜೆ ಮೆರವಣಿಗೆ. ಶಾಲೆಗೆ ಬರುವ ಮಕ್ಕಳು ದಾರಿ ಬದಲಿಸಿ ಬರತೊಡಗಿದರು. ರೈಲು ಬಂದರೆ ಇಳಿಯುವವರಿಗಿಂತ ಇಳಿಯುವವರನ್ನು ನೋಡುವವರೇ ಹೆಚ್ಚು. ಒಂದು ಮುಂಜಾನೆ ಸುಗಲಾಬಾಯಿ ನಮ್ಮ ಮನೆಗೆ ಬಂದು, ಅವರಿಗೆ ಬರಬೇಡಿರೆಂದು ತಂತಿ ಕೊಡಲು ಆಗುತ್ತದೆಯೇ ಎಂದು ಕೇಳಿದಳು. ಯುಗಾದಿಯ ಎದುರಿಗೆ ಗಂಡನನ್ನು ಬರಬೇಡ ಎನ್ನುವ ಹೆಂಗಸು. ಅಂಚೆಯವನು ಗಡಿಯಾಚೆಯ ತಂತಿ ಯಾಕೆ, ಏನು ಎಂದು ಎರಡು ಸಲ ಕೇಳಿದ ಮೇಲೆ ನಾವು ಕೊಡದೆ ಹಿಂದಿರುಗಿದೆವು. ತಂತಿಯೇ ಒಂದು ಗುಮಾನಿ ಆದೀತು ಎಂದು ಇಬ್ಬರಿಗೂ ಅನ್ನಿಸಿತ್ತು.

ಅವನು ಸತ್ತ ಮೇಲೆ, ಮೊಗುಡಂಪಲ್ಲಿಯಲ್ಲಿ ಮಣ್ಣು ಮಾಡಿ ನಾವು ಹಿಂದಿರುಗಿದ ಮೇಲೆ, ದಸ್ತಗೀರಸಾಬ ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ. ಕಟ್ಟೆಯ ಮೇಲೂ ಕೂರಲಿಲ್ಲ. ಎರಡನೆಯ ಸಲವೂ ಅವನೇ ನಾಕಾದಲ್ಲಿದ್ದು, ಅವನೇ ಕೇಳಿ, ಅವನೇ ಕಲ್ದಾರ್ ಇಲ್ಲವೆಂದು ಬರೆದು ಕೊಟ್ಟಿದ್ದ. ಆ ಕಾಗದವೇ ಸತ್ತವನ ಬಳಿ ಬಿದ್ದಿತ್ತು.

"ಅಂವ ಸುಳ್ಳು ಹೇಳ್ಲಿಲ್ಲ, ಮಾಸ್ತರ" ಎಂದ. "ನಾ ರೊಕ್ಕ ಕೇಳ್ದೆ. ಬೋಣಿ ಕೇಳ್ಲಿಲ್ಲ."

ಇಷ್ಟು ಹೇಳಿ ಹೋದ. ಆ ತಿಂಗಳೇ ನಾಕಾದ ಕೆಲಸ ಬಿಟ್ಟು ಮಗಳ ಊರಿಗೆ ಹೋದನೆಂದು ಕೇಳಿದೆ. ಅವನ ಮನೆಯ ಬಾಗಿಲಿಗೆ ಈಗ ಕೀಲಿ. ಒಳಗಿನ ನೆಲ ಮನ್ಮಥಪ್ಪನದು.

ತಾಂಡೂರಿನಲ್ಲಿ ನಡೆದದ್ದನ್ನು ಹೇಳಿದವನು ಬಾಲರಾಜ. ಅವನು ಕಣ್ಣಾರೆ ಕಂಡವನು, ಹೆಚ್ಚು ಕಡಿಮೆ ಮಾಡಿ ಹೇಳುವವನಲ್ಲ. ಅವನು ಹೇಳಿದ ಹಾಗೆಯೇ ಬರೆಯುತ್ತೇನೆ.

ಸೊಲ್ಲಾಪುರದ ಕೆಲಸ ಮುಗಿಸಿ ಅವರೆಲ್ಲ ತಾಂಡೂರಿಗೆ ಬಂದರು. ಅಡತಿ ಅಂಗಡಿಯವರು ಉಳಿದ ಕೂಲಿಯನ್ನು ತಕರಾರಿಲ್ಲದೆ ಹಾಲಿಯಲ್ಲಿ ಕೊಟ್ಟರು. ರಸೀದಿಗೆ ಟಿಕೇಟು ಹಚ್ಚಿ ದಸ್ಕತ್ ಮಾಡಿದ್ದಾಯಿತು. ಮನ್ಮಥಪ್ಪ ಗಣಿಯವರಿಗೆ ಕೊಡುವುದನ್ನು ಕೊಟ್ಟು, ಆಳುಗಳ ಕೂಲಿ ಹಂಚಿದ. ಎಲ್ಲ ಮುಗಿಯಿತಲ್ಲ ಮೇಸ್ತ್ರಿ, ಇನ್ನು ಬೋಣಿ ಮೈಮೇಲೆ ಇರಬೇಕೆಂದಿಲ್ಲ, ಇಲ್ಲೇ ಯಾವುದಾದರೂ ಗುಡಿಗೆ ಹಾಕಿಬಿಡು ಎಂದು ಬಾಲರಾಜ ಹೇಳಿದ. ಸುಗಲಾಬಾಯಿ ಅದರ ಮೇಲೆ ಸಿಟ್ಟಾಗಿದ್ದಾಳೆ, ಅವಳ ಕೈಗೇ ಕೊಟ್ಟು ಜಗಲಿಯ ಮೇಲೆ ಇಡಿಸಿದರೆ ಸಿಟ್ಟು ಹೋಗುತ್ತದೆ ಎಂದು ಮನ್ಮಥಪ್ಪ ಅಂದ. ವಿಕಾರಾಬಾದಿನ ಮೇಲೆ ಜಹೀರಾಬಾದಿಗೆ ಹೋಗುವ ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನ ಎದುರು ಚಹಾದಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಆ ಕಟ್ಟೆಯ ಕಲ್ಲುಗಳನ್ನು ಹಿಂದೆ ಯಾವಾಗಲೋ ಮನ್ಮಥಪ್ಪನೇ ಹಾಸಿಕೊಟ್ಟಿದ್ದ.

ಖಾಕಿಯವರು ಅಂಗಡಿಯೊಳಗಿನವರನ್ನು ನೋಡಿ ಹೊರಗೆ ಬಂದರು. ಚೀಲ ಕೇಳಿದರು, ಕೊಟ್ಟ. ಹಣ ಕಂಡು ಎಲ್ಲಿಯದು ಎಂದರು; ರಸೀದಿ ಕೊಟ್ಟ. ನಾಕಾದ ಕಾಗದ ಕೊಟ್ಟ. ಅವರ ಮುಂದಾಳು ಓದು ಬಲ್ಲವನು. ಎಲ್ಲವನ್ನೂ ನಿಧಾನವಾಗಿ ಓದಿ, ಬಂದ ಮಡಿಕೆಯಲ್ಲೇ ಮಡಿಚಿ ಹಿಂದಕ್ಕೆ ಕೊಟ್ಟ. ಮನ್ಮಥಪ್ಪ ನನ್ನ ಮನೆಯ ಕಟ್ಟೆಯ ಮೇಲೆ ಯೋಚಿಸಿ ಕಟ್ಟಿಕೊಂಡ ವ್ಯವಸ್ಥೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಚಹಾದಂಗಡಿಯವನು ಮತ್ತೆ ಒಲೆ ಊದತೊಡಗಿದ. ಅವರು ಹೊರಟೇ ಬಿಟ್ಟಿದ್ದರು. ಆಗ ಜೊತೆಯವನೊಬ್ಬ, ಹೋಗುವ ಮುನ್ನ ಮೈ ತಡವೋಣ ಎಂದ.

ಗಂಟು ಕೈಗೆ ಹತ್ತಿತು. ಏನು ಎಂದರು. ಬೋಣಿ ಎಂದ. ಮುಂದಾಳು ನಾಕಾದ ಕಾಗದವನ್ನು ಮತ್ತೆ ಇಸಿದುಕೊಂಡ.

"ಕಾಗದದಾಗ ಕಲ್ದಾರ್ ಇಲ್ಲ ಅಂತ ಅದ."

"ರೊಕ್ಕ ಇಲ್ಲರಿ. ಇದು ಬೋಣಿ."

"ಒಂದೇ ಯಾಕ?"

"ಬೋಣಿ ಒಂದೇ ಇರ್ತದರಿ."

ಒಂದು ಎಂಬುದೇ ಅವರಿಗೆ ಸಾಕಾಯಿತು. ಹತ್ತಾರು ಇದ್ದಿದ್ದರೆ ಕಳ್ಳಸಾಗಣೆ ಎಂದು ಹಣ ಕಸಿದು ನಾಲ್ಕು ಬಿಟ್ಟು ಕಳಿಸುತ್ತಿದ್ದರೋ ಏನೋ, ಕಾಶಪ್ಪನಿಗೆ ಮಾಡಿದಂತೆ. ಮೈಗೆ ಕಟ್ಟಿಕೊಂಡು ಬಚ್ಚಿಟ್ಟ ಒಂದೇ ರೂಪಾಯಿ, ಮೊಹರು ಹಾಕಿಸಿ ಇಲ್ಲವೆಂದ ರೂಪಾಯಿ, ಇದು ಹಣವಲ್ಲ ಎಂದು ಅವನೇ ಹೇಳುತ್ತಿದ್ದಾನೆ. ಹಣವಲ್ಲದಿದ್ದರೆ ಗುರುತು. ಆಚೆಯವರು ಈಚೆಯವರಿಗೆ ಕಳಿಸಿದ ನಿಶಾನಿ. ಯಾರಿಗೆ ತೋರಿಸಲು ತಂದೆ ಎಂದು ಕೇಳಿದರು. ಹೆಂಡತಿಗೆ ಎಂದ. ಅವರು ನಕ್ಕರು. ಬಾಲರಾಜ ನಡುವೆ ಬಂದು ಹೇಳಲು ಹೋದ. ಅವನ ದವಡೆಗೆ ಬಿತ್ತು, ಅವನು ಈಗಲೂ ಆ ಕಡೆಯಿಂದ ಅಗಿಯಲಾರ. ಕಟ್ಟೆಯ ಸುತ್ತ ಇದ್ದವರು ಒಬ್ಬೊಬ್ಬರಾಗಿ ಸರಿದುಹೋದರು.

ಮುಂದಾಳು ಕೈಯಲ್ಲಿದ್ದ ಬಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಆಟ ನೋಡುವವನಂತೆ ಒಂದು ಹೆಜ್ಜೆ ಹಿಂದೆ ನಿಂತ.

"ಬೋಣಿ ಅಂದ್ರ ಹ್ಯಾಂಗ ಇಡ್ತಾರ, ತೋರ್ಸು."

ಅವರು ಅಣಕಿಸುತ್ತಿದ್ದಾರೆಂದು ಬಾಲರಾಜನಿಗೆ ತಿಳಿದಿತ್ತು. ಮನ್ಮಥಪ್ಪನಿಗೆ ತಿಳಿಯಿತೋ ಇಲ್ಲವೋ ಹೇಳಲಾರೆ ಎಂದ. ಕೇಳಿದ್ದಕ್ಕೆ ತೋರಿಸಿದ, ಅಷ್ಟೇ. ಉಡದಾರದ ಗಂಟು ಬಿಚ್ಚಿ ರೂಪಾಯಿ ತೆಗೆದ. ಕಟ್ಟೆಯ ಈಶಾನ್ಯದ ಮೂಲೆ ಯಾವುದೆಂದು ಸೂರ್ಯನನ್ನು ನೋಡಿ ತಿಳಿದುಕೊಂಡು ಅಲ್ಲಿಗೆ ಹೋದ. ಧೋತರದಿಂದ ಆ ಕಲ್ಲಿನ ಧೂಳು ಒರೆಸಿ, ಕುಕ್ಕರಗಾಲಲ್ಲಿ ಕೂತು, ರೂಪಾಯಿಯನ್ನು ಕಣ್ಣಿಗೆ ಒತ್ತಿಕೊಂಡು ಕಲ್ಲಿನ ನಡುವೆ ಇಟ್ಟ. ಇಟ್ಟು ಏಳಲಿಲ್ಲ. ತಾನು ಹಾಸಿದ ಕಲ್ಲು ಇಷ್ಟು ವರ್ಷಕ್ಕೆ ಹೇಗಿದೆಯೋ ಎಂದು ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಿ, ತಲೆ ಬಗ್ಗಿಸಿ, ಕಿವಿಯನ್ನು ಹತ್ತಿರ ಒಯ್ದ.